ಕೆಟ್ಟದ್ದು ಪ್ರಿಂಟರೋ, ಅದರ ಹೆಸರೋ?

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಗುಡುಗು ಕೇಳಿದೊಡನೆ ವಿದ್ಯುತ್ ಉಪಕರಣಗಳ ವಯರುಗಳನ್ನು ಕಳಚಿಡುವುದು ವಾಡಿಕೆ. ತಮ್ಮ ಮನೆಯ ರೇಡಿಯೋವಿನಂತೆ ಕಚೇರಿಯ ಕಂಪ್ಯೂಟರಿಗೂ ಈ ಎಚ್ಚರ ಅವಶ್ಯ. ಆದರೆ ಮರುದಿನ ಎಲ್ಲವನ್ನೂ ಮತ್ತೆ ಜೋಡಿಸಿದಾಗ ರಸೀದಿ ಅಚ್ಚಾಗದೆ ನಿಲ್ಲುವುದುಂಟು. ಕಾಗದವಿದೆ, ರಿಬ್ಬನ್ ಇದೆ, ದೀಪವೂ ಉರಿಯುತ್ತಿದೆ. ಸಾಲದ ಕಂತು ಕಟ್ಟಲು ಹಳ್ಳಿಯಿಂದ ಬಂದವರು ಮಾತ್ರ ಕೊನೆಯ ಬಸ್ಸಿನ ಹೊತ್ತಾದರೂ ರಸೀದಿಗೆ ಕಾದಿರಬೇಕು. ಯಂತ್ರವನ್ನು ರಿಪೇರಿಗೆ ಒಯ್ಯುವ ಮೊದಲು ಅದರ ಹೆಸರನ್ನು ನೋಡಿರಿ.

ಹೆಸರಿಗೂ ಅಚ್ಚಿಗೂ ಏನು ಸಂಬಂಧ? ನಮ್ಮ ಕಡೆ ಒಂದೇ ಹೆಸರಿನವರು ನಾಲ್ವರಿದ್ದರೆ ಮನೆಯ ಹೆಸರು ಸೇರಿಸಿ ಕರೆಯುತ್ತೇವೆ. ಮನೆ ಬದಲಾದರೆ ಕರೆಯುವ ಹೆಸರೂ ಬದಲಾಗುತ್ತದೆ. ಪ್ರಿಂಟರಿನ ಮನೆ ಎಂದರೆ ಕಂಪ್ಯೂಟರಿನ ಕಿಂಡಿ. ಯುಎಸ್‌ಬಿ ವಯರನ್ನು ಪಕ್ಕದ ಕಿಂಡಿಗೆ ಚುಚ್ಚಿದರೆ, ವಿಂಡೋಸ್ ವ್ಯವಸ್ಥೆಯು ಅದೇ ಪ್ರಿಂಟರನ್ನು ಹೊಸತೆಂದು ಬಗೆದು, ಹೆಸರಿನ ಕೊನೆಗೆ ‘ಕಾಪಿ ೧’ ಎಂದು ಸೇರಿಸುವುದುಂಟು. ಹಳೆಯ ಲೆಕ್ಕದ ಸಾಫ್ಟ್‌ವೇರ್ ಹಿಂದಿನ ಹೆಸರನ್ನೇ ಹಿಡಿದಿರುತ್ತದೆ. ಬಿಟ್ಟುಹೋದ ಮನೆಯ ವಿಳಾಸಕ್ಕೆ ಕಾಗದ ಹಾಕಿದಂತೆ ರಸೀದಿಗಳೆಲ್ಲ ಅಲ್ಲಿ ರಾಶಿ ಬೀಳುತ್ತವೆ.

ಪರಿಹಾರ ಸುಲಭ. ವಯರನ್ನು ಮೊದಲಿನ ಕಿಂಡಿಗೇ ಹಾಕಿರಿ. ಅದು ಮರೆತಿದ್ದರೆ, ಪ್ರಿಂಟರುಗಳ ಪಟ್ಟಿ ತೆರೆದು, ಹಳೆಯ ಹೆಸರಿನಲ್ಲಿ ಬಾಕಿಯಿರುವುದನ್ನು ರದ್ದುಮಾಡಿ, ಆ ಹೆಸರನ್ನು ತೆಗೆದುಹಾಕಿರಿ. ಬಳಿಕ ಹೊಸದಕ್ಕೆ ಆ ಹೆಸರನ್ನೇ ಒಂದಕ್ಷರವೂ ತಪ್ಪದಂತೆ ಇಡಿರಿ.

೧೯೮೧ರಲ್ಲಿ ಬಂದ ಡಾಸ್ ವ್ಯವಸ್ಥೆಗಾಗಿ ಬರೆದ ಸಾಫ್ಟ್‌ವೇರಿನ ಸಂಗತಿಯೇ ಬೇರೆ. ಅಂಥ ಹಲವಕ್ಕೆ ಪ್ರಿಂಟರಿನ ಹೆಸರು ತಿಳಿಯದು, ‘ಎಲ್‌ಪಿಟಿ ೧’ ಎಂಬ ಕಿಂಡಿಯ ಹೆಸರೇ ಗೊತ್ತು. ಯುಎಸ್‌ಬಿ ಪ್ರಿಂಟರ್ ಆ ಕಿಂಡಿಯಲ್ಲಿಲ್ಲ. ಆಗ ಪ್ರಿಂಟರನ್ನು ‘ಶೇರ್’ ಮಾಡಿ, ತೆರಪಿಲ್ಲದ, ಎಂಟಕ್ಷರ ಮೀರದ ಇಂಗ್ಲಿಷ್ ಹೆಸರಿಟ್ಟು, ‘ನೆಟ್ ಯೂಸ್’ ಎಂಬ ಆಜ್ಞೆಯಿಂದ ಅದನ್ನು ಎಲ್‌ಪಿಟಿ ೧ಕ್ಕೆ ಹೊಂದಿಸಬಹುದು. ಬರಿಯ ಅಕ್ಷರಗಳನ್ನು ನೇರವಾಗಿ ಅಚ್ಚೊತ್ತಬಲ್ಲ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ಈ ಉಪಾಯ ಸಲ್ಲುತ್ತದೆ. ಅಗ್ಗದ ಲೇಸರ್ ಯಂತ್ರಗಳಲ್ಲಿ ಹಲವಕ್ಕೆ ಸಲ್ಲದು.

ಎಲ್ಲಕ್ಕಿಂತ ಮೇಲು, ಸರಿಯಾಗಿ ನಡೆಯುತ್ತಿರುವಾಗಲೇ ಹೆಸರನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸುವುದು. ವಯರಿಗೂ ಕಿಂಡಿಗೂ ಒಂದೇ ಬಣ್ಣದ ಗುರುತು ಹಾಕುವುದು. ತಮ್ಮ ಮನೆಯಲ್ಲಿ ಕಚೇರಿಗೆ ಹೋಗುವವರಿದ್ದರೆ ಇಷ್ಟನ್ನು ತಿಳಿಸಿರಿ.