ದೇಹದ ನೀರು ಬತ್ತಿದಾಗ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯು ಚಿನ್ನಕ್ಕೆ ಹೆಸರಾದ ಊರು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ, ನಮ್ಮ ದೇಶದಲ್ಲಿ ಅಗೆದು ತೆಗೆಯುವ ಚಿನ್ನದ ಬಹುಪಾಲು ಇಲ್ಲಿಯ ನೆಲದಾಳದಿಂದಲೇ ದೊರೆಯುತ್ತಿದೆ. ಬೇಸಗೆಯಲ್ಲಿ ಈ ಸೀಮೆಯ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಸಾಮಾನ್ಯ. ಸಿಂಧನೂರಿನ ಭತ್ತದ ಗದ್ದೆಗಳಲ್ಲಿಯೂ ಮಸ್ಕಿಯ ಹೊಲಗಳಲ್ಲಿಯೂ ದುಡಿಯುವವರನ್ನು ಬಿಸಿಲು ಕಾಡಿದರೆ, ಗಣಿಗೆ ಇಳಿಯುವವರನ್ನು ಬಂಡೆಯ ಕಾವು ಕಾಡುತ್ತದೆ. ಭೂಮಿಯ ಆಳಕ್ಕೆ ಹೋದಂತೆಲ್ಲ ಬಂಡೆಯ ಬಿಸಿ ಏರುತ್ತದೆ. ತೇವ ತುಂಬಿದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಆರದ ಬೆವರು ದೇಹವನ್ನು ತಂಪುಗೊಳಿಸದು. ಇಂಥ ಕಾವಿನಲ್ಲಿ ಕಠಿಣವಾಗಿ ದುಡಿಯುವ ಮನುಷ್ಯನು ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಸುರಿಸಬಲ್ಲನು.

ಹೀಗೆ ನಷ್ಟವಾದ ನೀರಿಗೆ ಬದಲಾಗಿ ನೀರನ್ನು ಕುಡಿದರಾಯಿತಲ್ಲವೆ ಎಂದು ವಾಚಕರು ಕೇಳಬಹುದು. ನೋಡಲು ಸುಲಭವಾದ ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳಲು ವೈದ್ಯವಿಜ್ಞಾನಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ನೀರಿನೊಡನೆ ಉಪ್ಪು

ವಯಸ್ಕನ ದೇಹದ ತೂಕದಲ್ಲಿ ಸುಮಾರು 60 ಪಾಲು, ಆಗ ತಾನೆ ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು 75 ಪಾಲು ನೀರೇ ಆಗಿರುತ್ತದೆ. ಈ ನೀರು ಬರಿಯ ನೀರಲ್ಲ, ಲವಣಗಳ ದ್ರಾವಣ. ಜೀವಕೋಶಗಳ ಹೊರಗಿನ ದ್ರವದಲ್ಲಿ ಸೋಡಿಯಂ ಹೆಚ್ಚಾಗಿದೆ. ಒಳಗಿನ ದ್ರವದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿದೆ. ನರಗಳ ಸಂದೇಶ, ಸ್ನಾಯುಗಳ ಸಂಕೋಚನ, ಹೃದಯದ ಮಿಡಿತ ಇವೆಲ್ಲವೂ ಈ ಹಂಚಿಕೆಯನ್ನು ಅವಲಂಬಿಸಿವೆ. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೊರಹೋಗುತ್ತದೆಂಬುದನ್ನು ತುಟಿಗೆ ಇಳಿದ ಬೆವರಿನ ರುಚಿಯೇ ತಿಳಿಸುತ್ತದೆ.

ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಬಿಸಿಯಾದ ಸ್ಥಳಗಳಲ್ಲಿ ದುಡಿಯುವವರಿಗೆ ಕೈಕಾಲುಗಳ ಮತ್ತು ಹೊಟ್ಟೆಯ ಸ್ನಾಯುಗಳು ಸೆಟೆದು ಅಸಾಧ್ಯ ನೋವುಂಟಾಗುತ್ತಿತ್ತು. ಅವರು ನೀರನ್ನೇನೋ ಧಾರಾಳವಾಗಿ ಕುಡಿಯುತ್ತಿದ್ದರು. ಕೆ. ನೆವಿಲ್ ಮಾಸ್ ಎಂಬವರು 1923ರಲ್ಲಿ ಇದರ ಕಾರಣವನ್ನು ವಿವರಿಸಿದರು: ಬೆವರಿನಲ್ಲಿ ಉಪ್ಪನ್ನು ಕಳೆದುಕೊಂಡವನು ಬರಿಯ ನೀರನ್ನು ಕುಡಿದಾಗ ರಕ್ತದಲ್ಲಿ ಉಳಿದ ಉಪ್ಪು ಇನ್ನೂ ತೆಳುವಾಗುತ್ತದೆ. ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸಿದಾಗ ಆ ಬೇನೆ ತಗ್ಗಿತು. ನಮ್ಮ ಹೊಲಗಳಿಗೆ ಉಪ್ಪು ಬೆರೆಸಿದ ಮಜ್ಜಿಗೆಯನ್ನೂ ಅಂಬಲಿಯನ್ನೂ ಒಯ್ಯುವ ರೂಢಿಯ ಹಿಂದೆ ಇದೇ ತತ್ತ್ವವಿದೆ.

ಭೇದಿಯ ಅಪಾಯ

ಬೆವರಿಗಿಂತಲೂ ವೇಗವಾಗಿ ದೇಹವನ್ನು ಒಣಗಿಸುವುದು ವಾಂತಿಭೇದಿ. ಕಾಲರಾ ತೀವ್ರವಾದಾಗ ವಯಸ್ಕನೂ ಗಂಟೆಗೆ ಒಂದು ಲೀಟರಿನವರೆಗೆ ದ್ರವವನ್ನು ಕಳೆದುಕೊಂಡು, ಕೆಲವೇ ಗಂಟೆಗಳಲ್ಲಿ ಸಾಯಬಹುದು. ಮಗುವಿನ ದೇಹದಲ್ಲಿರುವ ಒಟ್ಟು ನೀರೇ ಸ್ವಲ್ಪ. ಆದುದರಿಂದ ಸಾಮಾನ್ಯ ಭೇದಿಯೂ ಅದಕ್ಕೆ ಮಾರಕವಾಗಬಲ್ಲದು. ಇದು ಹಿಂದಿನ ಕಾಲದ ಮಾತೆಂದು ತಿಳಿಯಬಾರದು. 2022ರ ಬೇಸಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರನ್ನು ಕುಡಿದು ಅನೇಕರು ಅಸ್ವಸ್ಥರಾದರು. ಕೆಲವರು ಪ್ರಾಣ ಬಿಟ್ಟರು.

ಸ್ಕಾಟ್ಲೆಂಡಿನ ತಾಮಸ್ ಲಟ್ಟಾ ಎಂಬ ವೈದ್ಯನು 1832ರಷ್ಟು ಹಿಂದೆಯೇ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿ ಕೆಲವರನ್ನು ಉಳಿಸಿದ್ದನು. ಆದರೆ ಅದಕ್ಕೆ ಸೂಜಿ, ಶುದ್ಧ ದ್ರಾವಣ, ನುರಿತ ಕೈ ಇವೆಲ್ಲವೂ ಬೇಕು. ಬಾಯಿಂದ ಕುಡಿಸಿದ ಉಪ್ಪುನೀರಾದರೋ ಭೇದಿಯಲ್ಲೇ ಹೊರಹೋಗುತ್ತಿತ್ತು. ಈ ಗಂಟನ್ನು ಬಿಡಿಸಿದ್ದು ಸಕ್ಕರೆ! ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿ ಸೋಡಿಯಮ್ಮನ್ನೂ ಗ್ಲೂಕೋಸನ್ನೂ ಜೊತೆಜೊತೆಯಾಗಿ ಒಳಕ್ಕೆ ಒಯ್ಯುವ ವ್ಯವಸ್ಥೆಯೊಂದಿದೆಯೆಂದು ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ಪ್ರತಿಪಾದಿಸಿದರು. ಇವೆರಡೂ ಒಳಹೊಕ್ಕಾಗ ನೀರು ಅವುಗಳನ್ನು ಹಿಂಬಾಲಿಸುತ್ತದೆ. ಕಾಲರಾ ರೋಗಿಯ ಕರುಳಿನಲ್ಲಿಯೂ ಈ ಬಾಗಿಲು ಮುಚ್ಚುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳಲ್ಲಿ ಸಿದ್ಧಪಡಿಸಿದರು.

ದೊಡ್ಡ ಪರೀಕ್ಷೆ ಬಂದುದು 1971ರಲ್ಲಿ. ಬಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹರಡಿತು. ಆಸ್ಪತ್ರೆಯಲ್ಲಿ ನೆಲದ ಮೇಲೂ ರೋಗಿಗಳೇ. ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಿತು. ಆಗ ಡಾಕ್ಟರ್ ದಿಲೀಪ್ ಮಹಲನಾಬಿಸ್ ಗ್ಲೂಕೋಸು, ಅಡಿಗೆಯ ಉಪ್ಪು, ಅಡಿಗೆಯ ಸೋಡಾ ಇವುಗಳ ಪೊಟ್ಟಣಗಳನ್ನು ಕಟ್ಟಿಸಿ, ನೀರಿನಲ್ಲಿ ಕದಡಿ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ರೋಗಿಗಳ ತಾಯಂದಿರೂ ಬಂಧುಗಳೂ ಅದನ್ನು ಬಟ್ಟಲಿನಿಂದ ಕುಡಿಸಿದರು. ಮೊದಲು ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತಲೂ ಕೆಳಗಿಳಿಯಿತು. ಪ್ರಾಣವುಳಿಸಲು ಮನೆಯವರ ಕೈಯೇ ಸಾಕೆಂಬುದು ಅಲ್ಲಿ ರುಜುವಾತಾಯಿತು.

ಗುರುತಿಸುವುದು ಹೇಗೆ?

ದೊಡ್ಡವರಲ್ಲಿ ಬಾಯಾರಿಕೆ, ಒಣಗಿದ ನಾಲಿಗೆ, ತಲೆನೋವು, ಸುಸ್ತು, ಎದ್ದು ನಿಂತೊಡನೆ ತಲೆಸುತ್ತು ಇವು ಮೊದಲ ಚಿಹ್ನೆಗಳು. ಮೂತ್ರವು ಕಡಮೆಯಾಗಿ ಕಡು ಹಳದಿಗೆ ತಿರುಗುತ್ತದೆ. ವೃದ್ಧರಲ್ಲಿ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ; ಆದುದರಿಂದ ಅವರು ಕೇಳುವವರೆಗೆ ಕಾಯದೆ ನೀರು ಕೊಡತಕ್ಕದ್ದು.

ಮಗು ತನ್ನ ಸ್ಥಿತಿಯನ್ನು ಹೇಳಲಾರದು. ಅದು ರಚ್ಚೆ ಹಿಡಿಯುತ್ತದೆ. ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆ. ಕಣ್ಣುಗಳು ಗುಳಿ ಬೀಳುತ್ತವೆ. ಅತ್ತರೂ ಕಣ್ಣೀರು ಬಾರದು. ಎಳೆಗೂಸಿನ ನೆತ್ತಿಯ ಮೃದುವಾದ ಭಾಗ ಒಳಕ್ಕೆ ಕುಸಿದಿರುತ್ತದೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲನೆ ಹಿಡಿದೆತ್ತಿ ಬಿಟ್ಟರೆ ಅದು ಕೂಡಲೆ ಸಮನಾಗದೆ ನಿಧಾನವಾಗಿ ಇಳಿಯುತ್ತದೆ. ಹೀಗೆ ಇಳಿಯಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ಮಗು ಮಂಕಾಗಿ ಬಿದ್ದಿದ್ದರೆ, ಕುಡಿಯಲಾರದಿದ್ದರೆ, ಸ್ಥಿತಿ ಅತಿ ಗಂಭೀರವಾಗಿದೆಯೆಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ರಕ್ತನಾಳದ ಮೂಲಕವೇ ದ್ರಾವಣವನ್ನು ಕೊಡಬೇಕಾಗುತ್ತದೆ. ಬಡಕಲಾದ ಮಗುವಿನಲ್ಲಿ ಚರ್ಮದ ಪರೀಕ್ಷೆಯನ್ನೊಂದನ್ನೇ ನಂಬಬಾರದು.

ಉಪಚಾರ

ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಭಾವಿಸಿ ನೀರನ್ನೂ ಎದೆಹಾಲನ್ನೂ ನಿಲ್ಲಿಸುವವರುಂಟು. ಇದಕ್ಕಿಂತ ಅಪಾಯಕರವಾದ ನಂಬಿಕೆ ಇನ್ನೊಂದಿಲ್ಲ. ಎದೆಹಾಲನ್ನು ಎಂದಿಗೂ ನಿಲ್ಲಿಸಕೂಡದು. ಊಟ ಮಾಡುವ ಮಗುವಿಗೆ ಊಟವನ್ನೂ ಕೊಡುತ್ತಿರಬೇಕು.

ಔಷಧದ ಅಂಗಡಿಗಳಲ್ಲಿಯೂ ಆರೋಗ್ಯ ಕೇಂದ್ರಗಳಲ್ಲಿಯೂ ದೊರೆಯುವ ಓ.ಆರ್.ಎಸ್. ಪುಡಿಯೇ ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯು 2002ರಿಂದ ಶಿಫಾರಸು ಮಾಡಿರುವಂತೆ, ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡು, 2.9 ಗ್ರಾಂ ಸೋಡಿಯಂ ಸಿಟ್ರೇಟು ಅದರಲ್ಲಿರುತ್ತವೆ. ಪೊಟ್ಟಣದ ಮೇಲೆ ಹೇಳಿರುವಷ್ಟೇ ಶುದ್ಧ ನೀರಿನಲ್ಲಿ ಇಡೀ ಪುಡಿಯನ್ನು ಒಮ್ಮೆಗೇ ಕರಗಿಸಬೇಕು. 24 ಗಂಟೆಗಳ ಮೇಲೆ ಉಳಿದುದನ್ನು ಚೆಲ್ಲಬೇಕು. ಪುಡಿ ಸಿಕ್ಕದಾಗ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಕಬಹುದು. ಈ ಪ್ರಮಾಣವನ್ನು ಮೀರಬಾರದು. ಸಕ್ಕರೆ ಅತಿಯಾದರೆ ಅದು ನೀರನ್ನು ಕರುಳಿನೊಳಕ್ಕೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಉಪ್ಪು ಅತಿಯಾದರೆ ಮಗುವಿನ ಮೆದುಳಿಗೇ ಅಪಾಯ. ದ್ರಾವಣವು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಕೂಡದು. ಅತಿ ಸಿಹಿಯಾದ ಬಾಟಲಿ ಪಾನೀಯಗಳು ಇದಕ್ಕೆ ಬದಲಾಗಲಾರವು. ಈ ಸೂತ್ರಕ್ಕೆ ಹೊಂದದ ಪಾನೀಯಗಳು ಓ.ಆರ್.ಎಸ್. ಎಂಬ ಹೆಸರನ್ನು ಧರಿಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

ಪ್ರತಿಯೊಂದು ಭೇದಿಯಾದ ಮೇಲೂ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರು, ವಯಸ್ಕರಿಗೆ ಬೇಕೆನ್ನುವಷ್ಟು ಕೊಡಬೇಕು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚದಿಂದ ನಿಧಾನವಾಗಿ ಕುಡಿಸಬೇಕು. ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನು 10ರಿಂದ 14 ದಿನ ಕೊಟ್ಟರೆ ಭೇದಿ ಬೇಗ ಗುಣವಾಗುತ್ತದೆ. ಮಲದಲ್ಲಿ ರಕ್ತವಿದ್ದರೆ, ಜ್ವರ ಏರಿದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಬಿಸಿಲಿನಲ್ಲಿ ದುಡಿದು ಬಸವಳಿದವನನ್ನು ನೆರಳಿಗೆ ಕರೆದೊಯ್ದು, ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಓ.ಆರ್.ಎಸ್. ದ್ರಾವಣವನ್ನೋ ಗುಟುಕು ಗುಟುಕಾಗಿ ಕೊಡಬೇಕು. ಅವನು ತಪ್ಪು ತಪ್ಪಾಗಿ ಮಾತಾಡುತ್ತಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಿನ ಆಘಾತ. ಆಗ ಬಾಯಿಗೆ ಏನನ್ನೂ ಹಾಕದೆ, ಮೈಯನ್ನು ತಣ್ಣೀರಿನಿಂದ ತೋಯಿಸಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಸಕ್ಕರೆ, ಉಪ್ಪು, ಶುದ್ಧ ನೀರು ಇವು ಎಲ್ಲ ಮನೆಗಳಲ್ಲಿಯೂ ಇರುವ ವಸ್ತುಗಳೇ. ಇವುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು, ಯಾವ ಹೊತ್ತಿನಲ್ಲಿ ಕೊಡಬೇಕು ಎಂಬ ತಿಳಿವಳಿಕೆ ಮಾತ್ರ ಎಲ್ಲ ಮನೆಗಳಲ್ಲಿಯೂ ಇಲ್ಲ. ಓದುಬರಹ ಬಲ್ಲ ವಿದ್ಯಾರ್ಥಿಯೊಬ್ಬನು ಅದನ್ನು ತನ್ನ ಮನೆಯವರಿಗೂ ನೆರೆಯವರಿಗೂ ತಿಳಿಸಿದರೆ, ಮುಂದಿನ ಬೇಸಗೆಯಲ್ಲಿ ಅದು ಒಂದು ಮಗುವಿನ ಜೀವವನ್ನು ಉಳಿಸಬಹುದು.