ಊರು ಬದಲಿಸುವ ಮುನ್ನ: ದುಡಿಮೆ, ಮನೆ ಮತ್ತು ಬೆಟ್ಟದ ಹಾದಿ

ಬೆಂಗಳೂರನ್ನು ತೊರೆದು ಸಣ್ಣ ನಗರವೊಂದರಲ್ಲಿ ನೆಲೆಸಬೇಕೆಂಬ ಹಂಬಲ ಈಚಿನ ವರ್ಷಗಳಲ್ಲಿ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಹಿಂದಿನ ತಲೆಮಾರಿನವರು ಹೊಲ ಮನೆ ಬಿಟ್ಟು ರಾಜಧಾನಿಗೆ ಹೋದದ್ದು ಹೊಟ್ಟೆಪಾಡಿಗಾಗಿ. ಅವರ ಮಕ್ಕಳಿಗೆ ಇಂದು ಅನ್ನಕ್ಕೆ ಕೊರತೆಯಿಲ್ಲ. ಆದರೆ ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು ರಸ್ತೆಯ ಮೇಲೆಯೇ ಕಳೆದುಹೋಗುತ್ತವೆ. 2020ರ ಕೋವಿಡ್ ಪಿಡುಗಿನ ಕಾಲದಲ್ಲಿ ಮನೆಯಲ್ಲಿ ಕುಳಿತೇ ಕಚೇರಿಯ ಕೆಲಸ ಮಾಡಬಹುದೆಂಬುದು ಅನುಭವಕ್ಕೆ ಬಂದ ಬಳಿಕ, ಈ ಹಂಬಲ ಕನಸಾಗಿ ಉಳಿಯದೆ ಗಂಡ ಹೆಂಡಿರು ಕುಳಿತು ಲೆಕ್ಕ ಹಾಕುವ ಸಂಗತಿಯಾಯಿತು. ಯಾವ ಊರು, ಯಾವ ಶಾಲೆ, ಯಾವ ಮನೆ ಎಂಬ ಪ್ರಶ್ನೆಗಳನ್ನು ಹೊತ್ತು ನಮ್ಮಲ್ಲಿಗೂ ಕೆಲವರು ಬರುತ್ತಾರೆ. ಶಾಸ್ತ್ರ ಸಾಹಿತ್ಯಗಳನ್ನು ಬಿಟ್ಟು ನಾವು ಇಂಥ ಲೌಕಿಕ ವಿಚಾರಕ್ಕೆ ಕೈಹಾಕಿದ್ದೇಕೆಂದು ಓದುಗ ಬಂಧುಗಳು ಕೇಳಬಹುದು. ಊರ ಆಯ್ಕೆ ತಪ್ಪಿದರೆ ಒಂದು ಮನೆತನದ ಹತ್ತು ವರ್ಷಗಳ ನೆಮ್ಮದಿ ತಪ್ಪುತ್ತದೆ. ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಹೀಗೆ ಬರುವ ಯುವಕರ ಮಾತಿನಲ್ಲಿ ಒಂದು ಹೊಸ ಅಂಶವನ್ನು ನಾವು ಗಮನಿಸಿದ್ದೇವೆ. ನೌಕರಿ, ಸಂಬಳಗಳ ಜೊತೆಯಲ್ಲಿಯೇ ಅವರು ಬೆಟ್ಟ ಹತ್ತುವುದು, ಸೈಕಲ್ ತುಳಿಯುವುದು, ಹೊಳೆಯಲ್ಲಿ ಈಸುವುದು, ಹಕ್ಕಿಗಳನ್ನು ನೋಡುವುದು ಇವುಗಳನ್ನೂ ಊರಿನ ಗುಣಗಳಾಗಿ ಎಣಿಸುತ್ತಾರೆ. ಹಿರಿಯರು ಇದನ್ನು ಹುಡುಗಾಟವೆಂದು ತಳ್ಳಿಹಾಕುವುದುಂಟು. ನಮ್ಮ ಅಭಿಪ್ರಾಯ ಹಾಗಿಲ್ಲ. ಹೊಲದಲ್ಲಿ ದುಡಿದ ಅಜ್ಜನಿಗೆ ಪ್ರತ್ಯೇಕ ವ್ಯಾಯಾಮ ಬೇಕಾಗಿರಲಿಲ್ಲ. ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಗಣಕಯಂತ್ರದ ಪರದೆ ನೋಡುವ ಮೊಮ್ಮಗನಿಗೆ ಅದು ಬೇಕು. ನಲವತ್ತರ ಒಳಗೇ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರನ್ನು ಕಂಡಾಗ, ಬಯಲಿನಲ್ಲಿ ಓಡಾಡುವ ಆಸೆಯನ್ನು ಚಪಲವೆನ್ನಲು ನಮಗೆ ಬಾಯಿ ಬರುವುದಿಲ್ಲ.

ಆದರೆ ಇಲ್ಲೊಂದು ಭ್ರಮೆಯಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಶಿವಮೊಗ್ಗಕ್ಕೆ ಹೋಗುವೆನೆನ್ನುವ ಯುವಕ ಮೊದಲು ಹೆಸರಿಸುವುದು ಜೋಗವನ್ನು. ಆ ಬಳಿಕ ಆಗುಂಬೆ, ಕೊಡಚಾದ್ರಿ. ಜೋಗವು ಶಿವಮೊಗ್ಗ ನಗರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗಿಬರಲು ಒಂದು ಪೂರ್ಣ ದಿನವೇ ಬೇಕು. ಇಂಥ ಸ್ಥಳಗಳಿಗೆ ಊರಿನವರೇ ಹೋಗುವುದು ವರ್ಷಕ್ಕೆ ಒಂದೆರಡು ಬಾರಿ, ಅದೂ ನೆಂಟರು ಬಂದಾಗ. ದಿನನಿತ್ಯದ ದೇಹಶ್ರಮಕ್ಕೆ ಒದಗುವುದು ಮನೆಯಿಂದ ಅರ್ಧ ತಾಸಿನೊಳಗೆ ತಲುಪುವ ಕೆರೆಯ ಏರಿ, ಕಾಲೇಜಿನ ಮೈದಾನ, ಹೊಳೆಯ ದಂಡೆ, ವಾಹನ ವಿರಳವಾದ ಹಳ್ಳಿಯ ರಸ್ತೆ. ಆದುದರಿಂದ ಪ್ರವಾಸೋದ್ಯಮದ ಪಟಗಳನ್ನು ಮಡಚಿಟ್ಟು, ಬುಧವಾರದ ಬೆಳಗ್ಗೆ ಆರು ಗಂಟೆಗೆ ನಾನು ಎಲ್ಲಿ ನಡೆಯುವೆನು ಎಂದು ಕೇಳಿಕೊಳ್ಳಬೇಕು. ಈ ಒರೆಗಲ್ಲಿಗೆ ಹಚ್ಚಿದರೆ ಶಿವಮೊಗ್ಗ ಸೋಲುವುದಿಲ್ಲ. ತುಂಗೆಯು ಊರೊಳಗೇ ಹರಿಯುತ್ತಾಳೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರಗಳು ತೀರ್ಥಹಳ್ಳಿಯ ರಸ್ತೆಯಲ್ಲಿ ಹದಿನೈದು ಕಿಲೋಮೀಟರಿನೊಳಗೇ ಇವೆ. ಸೈಕಲ್ ಸವಾರನಿಗೆ ಮಂಡಗದ್ದೆಯ ಪಕ್ಷಿಧಾಮವೂ ದೂರವಲ್ಲ.

ಊರಿನ ಗಾತ್ರವನ್ನೂ ತಿಳಿದಿರುವುದು ಒಳಿತು. 2011ರ ಜನಗಣತಿಯಂತೆ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷ ಜನರಿದ್ದರು. ಚಿಕ್ಕಮಗಳೂರಿನಲ್ಲಿ ಇದ್ದವರು 1.2 ಲಕ್ಷಕ್ಕಿಂತ ಕಡಿಮೆ, ಶಿವಮೊಗ್ಗದಲ್ಲಿ 3.2 ಲಕ್ಷ, ದಾವಣಗೆರೆಯಲ್ಲಿ 4.3 ಲಕ್ಷ, ಬೆಳಗಾವಿಯಲ್ಲಿ 4.9 ಲಕ್ಷ, ಹುಬ್ಬಳ್ಳಿ ಧಾರವಾಡಗಳು ಕೂಡಿ 9.4 ಲಕ್ಷ. ಆಮೇಲೆ ಎಲ್ಲವೂ ಬೆಳೆದಿವೆ. ಊರು ಚಿಕ್ಕದಾದಷ್ಟೂ ಸುಖ ಹೆಚ್ಚೆಂದು ಭಾವಿಸುವವರು ದುಡಿಮೆಯ ಸಂಗತಿಯನ್ನು ಮರೆಯುತ್ತಾರೆ.

ದುಡಿಮೆಯ ವಿಷಯದಲ್ಲಿ ನಾವು ಬಂದವರಿಗೆ ಹೇಳುವುದು ಒಂದೇ ಮಾತು: ನಿಮಗೆ ಕೆಲಸ ಕೊಡುವ ಮೊದಲನೆಯ ಬಾಗಿಲನ್ನಲ್ಲ, ಎರಡನೆಯ ಬಾಗಿಲನ್ನು ನೋಡಿ. ಮೊದಲನೆಯದು ಮುಚ್ಚಿದ ದಿನ ಅದೇ ಊರಿನಲ್ಲಿ, ಅದೇ ಕಸುಬಿಗೆ ಇನ್ನೊಂದು ಕಡೆ ಅನ್ನ ಸಿಕ್ಕೀತೆ? ನಮ್ಮ ನಾಡಿನ ಊರುಗಳೇ ಇದಕ್ಕೆ ಸಾಕ್ಷಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು; ಹತ್ತಿಯ ಗಿರಣಿಗಳು ಒಂದೊಂದಾಗಿ ನಿಂತಾಗ ಸಾವಿರಾರು ಕುಟುಂಬಗಳು ದಿಕ್ಕುಗಾಣದೆ ಕುಳಿತವು. ಆ ಊರನ್ನು ಎತ್ತಿ ಹಿಡಿದದ್ದು ವಿದ್ಯಾಸಂಸ್ಥೆಗಳು ಮತ್ತು ವ್ಯಾಪಾರ. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜುಗಳು, ಆಸ್ಪತ್ರೆಗಳು ಇಲ್ಲದಿದ್ದರೆ ಗಿರಣಿಗಳ ತರುವಾಯದ ದಾವಣಗೆರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟ. ಭದ್ರಾವತಿಯ ಕಥೆ ಇನ್ನೂ ಹಸಿಯಾಗಿದೆ. ಅಲ್ಲಿನ ಕಾಗದದ ಕಾರ್ಖಾನೆ ತಯಾರಿಕೆಯನ್ನು ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಎರಡು ದೊಡ್ಡ ಬಾಗಿಲುಗಳನ್ನೇ ನಂಬಿ ಕಟ್ಟಿದ ಮನೆಗಳ ಬೆಲೆ ಏನಾಯಿತೆಂಬುದನ್ನು ಅಲ್ಲಿ ನಿವೇಶನವಿರುವ ಬಂಧುಗಳು ನಮಗಿಂತ ಚೆನ್ನಾಗಿ ಬಲ್ಲರು.

ಮನೆಯಿಂದಲೇ ಕೆಲಸ ಮಾಡುವವರು ತಮಗೆ ಈ ಮಾತು ತಗಲದೆಂದು ಹೇಳುತ್ತಾರೆ. ತಗಲುತ್ತದೆ. ಇಂದು ಮನೆಯಲ್ಲಿರು ಎಂದ ಕಂಪನಿ ನಾಳೆ ವಾರಕ್ಕೆ ಮೂರು ದಿನ ಕಚೇರಿಗೆ ಬಾ ಎಂದೀತು. ಈಗಾಗಲೇ ಹಾಗೆ ಕರೆಸಿಕೊಂಡ ಕಂಪನಿಗಳು ಹಲವು. ಆದ್ದರಿಂದ ಬೆಂಗಳೂರಿನ ದಾರಿಯನ್ನೂ ಅಳೆದುಕೊಳ್ಳಬೇಕು. ಶಿವಮೊಗ್ಗದಿಂದ ರೈಲಿನಲ್ಲಿ ಐದು ತಾಸು. 2023ರ ಫೆಬ್ರವರಿಯಿಂದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವೂ ಆಗಿದೆ. ಧಾರವಾಡದಿಂದ 2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲಿಗೂ ಆರು ತಾಸಿನ ಮೇಲೆ ಬೇಕು. ತಿಂಗಳಿಗೊಮ್ಮೆ ಇದು ಹಗುರ, ವಾರವಾರವೂ ಆದರೆ ಭಾರ.

ಈಗ ನಾವು ಹತ್ತಿರದಿಂದ ಕಂಡ ಒಂದು ಕುಟುಂಬದ ವಿಚಾರ. ಹೆಸರು ಬೇಡ. ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರ, ತಿಂಗಳಿಗೆ ಎರಡು ದಿನ ಕಚೇರಿಗೆ ಹೋದರೆ ಸಾಕು. ಸೊಸೆ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಮಗಳಿಗೆ ಒಂಬತ್ತು ವರ್ಷ. ತಾಯಿಗೆ ಮೂತ್ರಪಿಂಡದ ಬೇನೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಗನ ಮನಸ್ಸು ಚಿಕ್ಕಮಗಳೂರಿನಲ್ಲಿ ನೆಟ್ಟಿತ್ತು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ನಾಡಿನಲ್ಲೇ ಹಿರಿದು, ಕಣ್ಣೆದುರಿಗೇ ನಿಂತಿರುತ್ತದೆ, ತಂಪು ಹವೆ, ಕಾಫಿ ತೋಟಗಳ ನಡುವಿನ ರಸ್ತೆಗಳು. ಬಾಡಿಗೆ ಮನೆಯನ್ನೂ ನೋಡಿ ಬಂದಿದ್ದ. ಸೊಸೆ ಹೆಚ್ಚು ಮಾತನಾಡುವ ಹೆಣ್ಣುಮಗಳಲ್ಲ. “ಅವರ ಕೆಲಸ ಅವರ ಚೀಲದಾಗ ಬರತೈತ್ರಿ ಗುರುಗಳ. ನನ್ನ ಕೆಲಸ ಶಾಲಿ ಇದ್ದಲ್ಲಿ ಅಷ್ಟ ಇರತೈತಿ” ಎಂದಷ್ಟೇ ಅಂದಳು. ತಾಯಿ ನಕ್ಕು, “ತಮ್ಮಾ, ಗುಡ್ಡಾ ಏರೋರು ನೀವು. ನನಗ ದವಾಖಾನಿ ಹತ್ತಿರ ಇದ್ದರ ಸಾಕು” ಎಂದರು.

ಆ ಎರಡು ಮಾತುಗಳಲ್ಲಿ ವಿಷಯವೆಲ್ಲ ಇತ್ತು. ಗಂಡನ ನೌಕರಿಯನ್ನೂ ಗಂಡನ ಹವ್ಯಾಸವನ್ನೂ ತೂಗಿ, ಹೆಂಡತಿಯ ದುಡಿಮೆಯನ್ನು ‘ಅಲ್ಲಿ ಹೋದಮೇಲೆ ನೋಡೋಣ’ ಎಂದು ಬಿಡುವುದು ನಮ್ಮ ಮನೆಗಳ ಹಳೆಯ ಚಾಳಿ. ಆಸ್ಪತ್ರೆಯ ಲೆಕ್ಕವೂ ಹೀಗೆಯೇ ತಪ್ಪುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಈಗ ಡಯಾಲಿಸಿಸ್ ಯಂತ್ರಗಳಿವೆ, ನಿಜ. ಯಂತ್ರ ಕೆಟ್ಟ ದಿನ, ಸರದಿ ಸಿಗದ ದಿನ, ರೋಗಿಯ ಸ್ಥಿತಿ ಹದಗೆಟ್ಟ ರಾತ್ರಿ ಇನ್ನೊಂದು ಆಸ್ಪತ್ರೆ ಎಷ್ಟು ದೂರ ಎಂಬುದನ್ನು ವಿಚಾರಿಸಬೇಕು. ಅಲ್ಲಿಯೂ ಬೇಕಾದದ್ದು ಎರಡನೆಯ ಬಾಗಿಲೇ.

ಬೆಳಗಾವಿಯೂ ಮಾತಿಗೆ ಬಂದಿತು. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ, 1998ರಲ್ಲಿ ಬಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಎರಕದ ಕಾರ್ಖಾನೆಗಳು, ಖಾನಾಪುರದ ಕಾಡು ಇಷ್ಟೆಲ್ಲ ಇರುವ ಊರು ಅದು. ಯಂತ್ರಗಳ ತಯಾರಿಕೆಯಲ್ಲಿ ಪಳಗಿದ ಕೈಗೆ ನಾವು ಅದನ್ನೇ ಮೊದಲು ಹೇಳುತ್ತೇವೆ. ಈ ಕುಟುಂಬಕ್ಕೆ ಮಾತ್ರ ಬೆಂಗಳೂರಿನ ಪ್ರಯಾಣ ದೂರವೆನಿಸಿತು.

ಕೊನೆಗೆ ಉಳಿದವು ಶಿವಮೊಗ್ಗ ಮತ್ತು ಧಾರವಾಡ. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಉಂಟು, ಖಾಸಗಿ ಆಸ್ಪತ್ರೆಗಳೂ ಉಂಟು, ಶಾಲೆಗಳಿಗೆ ಕೊರತೆಯಿಲ್ಲ. ಮಲೆನಾಡಿನ ಅಡವಿಯಲ್ಲಿ ಅಡ್ಡಾಡುವವರು ತಿಳಿದಿರಲೇಬೇಕಾದ ಒಂದು ಸಂಗತಿಯನ್ನು ಈ ಸಂದರ್ಭದಲ್ಲಿ ಹೇಳಿಬಿಡುತ್ತೇವೆ. 1957ರಲ್ಲಿ ಆ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಅದು ಉಣುಗುಗಳ ಕಡಿತದಿಂದ ಮನುಷ್ಯರಿಗೆ ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ, ಎಂದರೆ ಚಾರಣಕ್ಕೆ ಹವೆ ಹಿತವಾಗಿರುವ ತಿಂಗಳುಗಳಲ್ಲಿಯೇ, ಅದರ ಕಾಟ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಅದು ಜೀವಗಳನ್ನು ಬಲಿ ತೆಗೆದುಕೊಂಡಿತು. ಮಂಗ ಸತ್ತ ಸುದ್ದಿ ಬಂದ ಕಡೆಗೆ ಕಾಲಿಡಬಾರದು, ಕಾಡಿಗೆ ಹೋಗುವಾಗ ಮೈಮುಚ್ಚುವ ಬಟ್ಟೆ ತೊಡಬೇಕು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಳ್ಳಬೇಕು, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಮಕ್ಕಳ ಮೈ ಪರೀಕ್ಷಿಸಬೇಕು. ಸ್ಥಳೀಯರಿಗೆ ಇದು ಗೊತ್ತು. ಹೊಸದಾಗಿ ಬಂದವರಿಗೆ ಯಾರೂ ಹೇಳುವುದಿಲ್ಲ.

ಧಾರವಾಡದ ಬಗ್ಗೆ ಬರೆಯುವಾಗ ನಮ್ಮ ಲೇಖನಿಗೆ ತುಸು ಪಕ್ಷಪಾತ ಬಂದರೆ ಓದುಗರು ಕ್ಷಮಿಸಬೇಕು. ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನಮ್ಮ ಬಳಗದಲ್ಲಿ ಬಹಳ ಮಂದಿ. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಎರೆಯ ಬಯಲು, ಇವೆರಡರ ನಡುವೆ ಏರಿಳಿತದ ನೆಲದ ಮೇಲೆ ಊರು ಕುಳಿತಿದೆ. ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಆದ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐ.ಐ.ಟಿ., 2013ರಲ್ಲಿ ಖಾಯಂ ಆದ ಹೈಕೋರ್ಟ್ ಪೀಠ, ಬಸ್ಸುಗಳನ್ನು ತಯಾರಿಸುವ ಕಾರ್ಖಾನೆ, ಸುಮಾರು ಇಪ್ಪತ್ತು ಕಿಲೋಮೀಟರಿನಾಚೆ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜು: ಬಾಗಿಲುಗಳು ಎರಡಲ್ಲ, ಹಲವು. ಬುಧವಾರದ ಬೆಳಗಿಗೆ ಕೆಲಗೇರಿಯ ಕೆರೆ, ಸಾಧನಕೇರಿ, ನುಗ್ಗೀಕೇರಿ, ಶಾಲ್ಮಲೆ ಹುಟ್ಟುವ ಸೋಮೇಶ್ವರ. ರವಿವಾರಕ್ಕೆ ಐವತ್ತೈದು ಕಿಲೋಮೀಟರಿನಷ್ಟು ದೂರದ ದಾಂಡೇಲಿ, ಅಲ್ಲಿನ ಕಾಳಿ ಹೊಳೆ. ಎತ್ತರದ ಗಿರಿಶಿಖರಗಳು ಬೇಕೆನ್ನುವವರಿಗೆ ಧಾರವಾಡ ಸಪ್ಪೆ.

ದೋಷಗಳನ್ನು ಮುಚ್ಚಿಡಬಾರದು. ಮೊದಲನೆಯದು ನೀರು. ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಲ್ಲಿಯೇ ದಿನದ 24 ತಾಸು ನಳದ ನೀರು ಬಂದಿತು. ಉಳಿದ ಬಡಾವಣೆಗಳು ಹಲವು ದಿನಗಳಿಗೊಮ್ಮೆ ಬರುವ ನೀರನ್ನು ಟಾಕಿಯಲ್ಲಿ ತುಂಬಿಟ್ಟುಕೊಂಡು ಕಾಲ ಹಾಕಿವೆ. ಒಂದೇ ರಸ್ತೆಯ ಆಚೆ ಈಚೆಗೂ ವ್ಯತ್ಯಾಸವಿರಬಹುದು. ಮನೆಯ ಮಾಲಿಕನನ್ನು ಕೇಳದೆ, ನೆರೆಮನೆಯ ಹೆಣ್ಣುಮಕ್ಕಳನ್ನು ಕೇಳಬೇಕು. ಎರಡನೆಯದು ಮಣ್ಣು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಬುನಾದಿ ಆಳವಾಗಿ, ಗಟ್ಟಿಯಾಗಿ ಇಲ್ಲದಿದ್ದರೆ ಗೋಡೆ ಸೀಳುತ್ತದೆ. ನಿವೇಶನ ಅಗ್ಗವೆಂದು ಕೊಂಡವರು ಬುನಾದಿಗೆ ಆ ಉಳಿತಾಯವನ್ನೆಲ್ಲ ಸುರಿಯಬೇಕಾದೀತು. ಕೊಳ್ಳುವ ಮುನ್ನ ಒಂದು ಗುಂಡಿ ತೋಡಿಸಿ ಮಣ್ಣು ನೋಡುವುದಕ್ಕೆ ಹೆಚ್ಚು ಹಣ ಬೇಡ.

ಆ ಕುಟುಂಬಕ್ಕೆ ನಾವು ಕೊಟ್ಟ ಸಲಹೆ, ಬೆಂಗಳೂರಿನ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟು, ಹೊಸ ಊರಿನಲ್ಲಿಯೂ ಬಾಡಿಗೆಗೇ ಒಂದು ವರ್ಷ ಇರಿ ಎಂಬುದು. ಒಂದು ಆಷಾಢದ ಮಳೆ, ಒಂದು ಏಪ್ರಿಲ್ ತಿಂಗಳ ಬಿಸಿಲು ಕಾಣದೆ ಊರಿನ ಪರಿಚಯವಾಗದು. ಸೊಸೆಗೆ ಧಾರವಾಡದ ಶಾಲೆಯೊಂದರಲ್ಲಿ ಕೆಲಸ ಖಚಿತವಾದ ಮೇಲೆಯೇ, ಜೂನ್ ತಿಂಗಳ ಶಾಲಾರಂಭಕ್ಕೆ ಸರಿಯಾಗಿ ಅವರು ಸಾಮಾನು ಹೇರಿದರು. ಸಂಬಳ ಬೆಂಗಳೂರಿನದಕ್ಕಿಂತ ಕಡಿಮೆ. ಬಾಡಿಗೆ ಅದಕ್ಕೂ ಕಡಿಮೆ. ತಾಯಿಗೆ ಮಂಗಳವಾರ ಮತ್ತು ಶುಕ್ರವಾರದ ಸರದಿ ಸಿಕ್ಕಿದೆ. ಮನೆಯಿಂದ ಆಸ್ಪತ್ರೆಗೆ ಆಟೋದಲ್ಲಿ ಹದಿನೈದು ನಿಮಿಷ. ಮಗ ನಸುಕಿನಲ್ಲಿ ಸೈಕಲ್ ತೆಗೆದುಕೊಂಡು ಕೆಲಗೇರಿಯ ಕಡೆ ಹೋಗುತ್ತಾನೆ. ಮೊಮ್ಮಗಳು ಹಿಂದಿನ ಸೀಟಿನಲ್ಲಿ ಕೂರಲು ಒಪ್ಪದೆ ತನ್ನದೇ ಸೈಕಲ್ಲಿಗೆ ಹಟ ಹಿಡಿದಿದ್ದಾಳೆಂದು ಮೊನ್ನೆ ಅಜ್ಜಿ ದೂರವಾಣಿಯಲ್ಲಿ ಹೇಳಿದರು. ಚಿಕ್ಕಮಗಳೂರಿನ ಮಾತನ್ನು ಮಗ ಇನ್ನೂ ಪೂರ್ತಿ ಬಿಟ್ಟಿಲ್ಲವಂತೆ. ಬೆಂಗಳೂರಿನ ಮನೆಯ ತೀರ್ಮಾನ ಮುಂದಿನ ಬೇಸಗೆಗೆ.