ಸೋರುವ ಮಾಡಿನಡಿ ಹೊಳೆದ ರೇಡಿಯಂ

ಪ್ರಯೋಗಾಲಯ ಎಂದೊಡನೆ ಕಣ್ಣ ಮುಂದೆ ಬರುವುದೇನು? ಬಿಳಿಯ ಕೋಟು, ಥಳಥಳಿಸುವ ಗಾಜಿನ ಸಾಮಾನು, ಅಚ್ಚುಕಟ್ಟಾದ ಮೇಜು, ಅಲ್ಲವೇ? ಹಾಗಿದ್ದರೆ ಪ್ಯಾರಿಸ್ಸಿನಲ್ಲಿ ಮೇರಿ ಮತ್ತು ಪಿಯರೆ ಕ್ಯೂರಿ ದಂಪತಿ ದುಡಿದ ಶೆಡ್ಡನ್ನು ಒಮ್ಮೆ ನೋಡಿಬನ್ನಿ.

ಹಿಂದೊಮ್ಮೆ ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ ಜಾಗವದು. ಆಮೇಲೆ ಆ ಕೆಲಸಕ್ಕೂ ಬೇಡವಾಗಿತ್ತು. ಗಾಜಿನ ಮಾಡು ಮಳೆಗೆ ಸೋರುತ್ತಿತ್ತು. ಬೇಸಿಗೆಯಲ್ಲಿ ಉಸಿರು ಕಟ್ಟಿಸುವ ಸೆಕೆ. ಚಳಿಗಾಲದಲ್ಲಿ ಒಲೆಗೆ ಅಂಟಿಕೊಂಡು ನಿಂತರಷ್ಟೇ ಬಿಸಿ. ವಿಷದ ಹೊಗೆಯನ್ನು ಹೊರಗೆಳೆಯುವ ಏರ್ಪಾಡೇ ಇರಲಿಲ್ಲ. ಹಾಗಾಗಿ ಬೇಯಿಸುವ ಕೆಲಸವೆಲ್ಲ ಅಂಗಳದಲ್ಲಿ. ಮಳೆ ಬಂದರೆ ಪಾತ್ರೆಗಳನ್ನು ಒಳಗೆ ಹೊತ್ತು, ಬಾಗಿಲು ಕಿಟಕಿ ತೆರೆದಿಟ್ಟು ಮುಂದುವರಿಸುವುದು. ಇದನ್ನು ನೋಡಲು ಬಂದ ಜರ್ಮನಿಯ ರಸಾಯನ ವಿಜ್ಞಾನಿ ಆಸ್ಟ್‌ವಾಲ್ಡ್‌ಗೆ ಕಂಡದ್ದು ಕುದುರೆ ಲಾಯ ಮತ್ತು ಆಲೂಗಡ್ಡೆ ಉಗ್ರಾಣದ ನಡುವಿನ ಏನೋ ಒಂದು!

1898ರ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ ಇರುವುದನ್ನು ಕ್ಯೂರಿಗಳು ಸಾರಿದ್ದರು. ಆದರೆ 'ಇದೆ' ಎಂದರೆ ಸಾಕೆ? ಬೇರ್ಪಡಿಸಿ, ತೂಗಿ ತೋರಿಸಬೇಕು. ಬೊಹೀಮಿಯಾದ ಗಣಿಯಿಂದ ಯುರೇನಿಯಂ ತೆಗೆದು ಬಿಸಾಡಿದ ಪಿಚ್‌ಬ್ಲೆಂಡ್ ಅದಿರಿನ ಕಸ ಟನ್ನುಗಟ್ಟಲೆ ಬಂತು. ಒಂದು ಸಲಕ್ಕೆ ಸುಮಾರು 20 ಕಿಲೋ ಕುದಿಸುತ್ತ, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ಮೇರಿ ದಿನವಿಡೀ ಕದಡುತ್ತಿದ್ದರು. 1902ರಲ್ಲಿ ಕೈಗೆ ಸಿಕ್ಕಿದ್ದು ಗ್ರಾಮಿನ ಹತ್ತನೇ ಒಂದು ಪಾಲು ರೇಡಿಯಂ ಕ್ಲೋರೈಡು. ರಾತ್ರಿ ಊಟವಾದ ಮೇಲೆ ದಂಪತಿ ಮತ್ತೆ ಶೆಡ್ಡಿಗೆ ಹೋಗಿ, ಕತ್ತಲಲ್ಲಿ ಮಿನುಗುವ ಬಾಟಲಿಗಳನ್ನು ನೋಡುತ್ತ ಕೂರುತ್ತಿದ್ದರಂತೆ.

ಆ ಬೆಳಕಿಗೆ ಬೆಲೆಯೂ ಇತ್ತು. ಇಬ್ಬರ ಬೆರಳುಗಳೂ ಸುಟ್ಟು ಗಡುಸಾದವು. 1934ರಲ್ಲಿ ಮೇರಿ ರಕ್ತ ಉತ್ಪತ್ತಿಯೇ ಕುಂದುವ ಕಾಯಿಲೆಯಿಂದ ತೀರಿಕೊಂಡರು. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಅವರ ನೋಟುಪುಸ್ತಕಗಳು ಇಂದಿಗೂ ವಿಕಿರಣ ಸೂಸುತ್ತಿವೆ.

ಈ ಕಥೆಯನ್ನು ನನಗೇ ತಿರುಗಿಸಿ ಹೇಳಿದವರಿದ್ದಾರೆ. ನಾನು ಮೊದಲು ಕೆಲಸಕ್ಕಿದ್ದ ಶಾಲೆಯಲ್ಲಿ ಒಂದು ತಕ್ಕಡಿ, ನಾಲ್ಕು ಬರ್ನರು ಕೇಳಿದಾಗ ಆಡಳಿತ ಮಂಡಳಿಯ ಹಿರಿಯರೊಬ್ಬರು, 'ಮೇಷ್ಟ್ರೇ, ಮೇಡಂ ಕ್ಯೂರಿ ಶೆಡ್ಡಲ್ಲೇ ಮಾಡಲಿಲ್ಲವೇ?' ಎಂದು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ, ಸುಮ್ಮನೆ ಬಂದೆ.

ಉತ್ತರ ಕೊಟ್ಟವಳು ಒಂಬತ್ತನೇ ತರಗತಿಯ ಹುಡುಗಿ. ಪಾಠ ಮುಗಿದ ಮೇಲೆ ಕೈಯೆತ್ತಿ, 'ಸಾರ್, ಒಳ್ಳೇ ಲ್ಯಾಬು ಇದ್ದಿದ್ದರೆ ಅವರಿಗೆ ಇನ್ನೂ ಬೇಗ ಆಗ್ತಿತ್ತಲ್ವಾ?' ಎಂದಳು. ಹೌದು! ಸರಿಯಾದ ಸೌಕರ್ಯವಿದ್ದಿದ್ದರೆ ಸುಮಾರು ನಾಲ್ಕು ವರ್ಷದ ಕೆಲಸ ಒಂದೇ ವರ್ಷದಲ್ಲಿ ಮುಗಿಯುತ್ತಿತ್ತೆಂದು ಮೇರಿಯೇ ಬರೆದಿದ್ದಾರೆ. ಒಳ್ಳೆಯ ಪ್ರಯೋಗಾಲಯಕ್ಕಾಗಿ ಹಂಬಲಿಸುತ್ತಲೇ ಪಿಯರೆ 1906ರಲ್ಲಿ ಗಾಡಿಯಡಿ ಸಿಕ್ಕಿ ಸತ್ತರು. ರೇಡಿಯಂ ಸಂಸ್ಥೆಯ ಕಟ್ಟಡ ಎದ್ದು ನಿಂತದ್ದು 1914ರಲ್ಲಿ.

ರೇಡಿಯಂ ಸಿಕ್ಕಿದ್ದು ಶೆಡ್ಡಿನಿಂದಲ್ಲ, ಶೆಡ್ಡಾಗಿದ್ದರೂ ಸಿಕ್ಕಿತು. ನಮ್ಮ ಮಕ್ಕಳಿಗೆ ಕ್ಯೂರಿಯ ಕಥೆ ಹೇಳೋಣ. ಜೊತೆಗೆ ತಕ್ಕಡಿಯನ್ನೂ ಕೊಡೋಣ.